ಕೈ ಮಾತ್ರ ಕಾಣುವ ಪಾಠಗಳು

ಪುಟ್ಟಿ, ಚಿಣ್ಣು,

ನಿಮ್ಮ ಅಮ್ಮನ ಲ್ಯಾಪ್‌ಟಾಪಿನಲ್ಲಿ ನೀವು ನೋಡುವ ಪಾಠಗಳಿವೆಯಲ್ಲ, ಕೈ ಮಾತ್ರ ಕಾಣುವಂಥವು, ಮುಖವೂ ಇಲ್ಲ ಮಾತೂ ಇಲ್ಲ, ಅವುಗಳಲ್ಲಿ ಮೊದಲು ಇದ್ದ ಕೈ ನನ್ನದು. ಈಗ ಇರುವುದು ನನ್ನದಲ್ಲ. ಅದು ಹೇಗೆ ಬದಲಾಯಿತು ಎನ್ನುವುದನ್ನು ನಿಮಗೆ ಯಾರೂ ಹೇಳುವುದಿಲ್ಲ. ಹೇಳಿದರೂ ನೋವಾಗದ ಹಾಗೆ ನಯ ಮಾಡಿ ಹೇಳುತ್ತಾರೆ. ನಾನೇ ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಹೇಳಬಹುದಿತ್ತು. ಆದರೆ ನಾಲ್ಕು ಜನರ ಮುಂದೆ ಬಾಯಿ ಕಟ್ಟಿಹೋಗುವ ಹೆಂಗಸು ನಾನು. ಮಾತು ಅರ್ಧಕ್ಕೇ ನಿಲ್ಲುತ್ತದೆ. ಬರೆಯುವುದಾದರೆ ಊರ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಕಲಿತಿದ್ದೇನೆ, ಇಷ್ಟು ಬರೆಯಲು ಅದು ಸಾಕು.

ನಿಮ್ಮ ಅಪ್ಪ ಎಸ್ಟೇಟಿನಲ್ಲಿ ರೈಟರು. ಕೂಲಿಯವರ ಹಾಜರಿ, ಪಿಕ್ಕಿಂಗಿನ ತೂಕ, ಇಷ್ಟೇ ಅವನ ಲೋಕ. ನಿಮ್ಮ ಅಮ್ಮ ನಾಪೋಕ್ಲು ಕಡೆಯಿಂದ ಈ ಮಾದಾಪುರದ ಕಡೆಗೆ ಸೊಸೆಯಾಗಿ ಬರುವಾಗಲೇ ಸರ್ಕಾರಿ ಶಾಲೆಯ ಟೀಚರಾಗಿದ್ದಳು. ಅವಳ ತವರಿನಲ್ಲಿ ಅರೆಭಾಷೆ, ನಮ್ಮದು ಹಾಸನದ ಕಡೆಯವರ ಹಾಗೆ ಎಳೆದು ಮಾತಾಡುವ ಕನ್ನಡ. ಈಗ ಅವಳೂ ನಮ್ಮ ಹಾಗೇ ಮಾತಾಡುತ್ತಾಳೆ. ಸಿಟ್ಟು ಬಂದಾಗ ಮಾತ್ರ ತವರಿನ ಮಾತು ಹೊರಗೆ ಬರುತ್ತದೆ.

ಅವಳಿಗೆ ಸಿಕ್ಕ ಒಂದನೇ ಕ್ಲಾಸಿನಲ್ಲಿ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಮಕ್ಕಳೇ ಹೆಚ್ಚು. ತಮಿಳು, ಮಲಯಾಳ, ತುಳು, ಈಚೆಗೆ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಾತು. ದೊಡ್ಡವರು ಹೇಗೋ ಕನ್ನಡದಲ್ಲಿ ವ್ಯವಹಾರ ಮುಗಿಸುತ್ತಿದ್ದರು. ಆ ಚಿಕ್ಕ ಮಕ್ಕಳಿಗೆ ಕನ್ನಡವೂ ಇಂಗ್ಲಿಷೂ ಒಂದೇ, ಎರಡೂ ಬಾರದು.

“ಅತ್ತೆ, ನಾನು ಐದು ಅಂದ್ರೆ ಒಬ್ಬ ಎದ್ದು ನಿಲ್ತಾನೆ, ಇನ್ನೊಬ್ಬಳು ಅಳ್ತಾಳೆ” ಎಂದು ನಗುತ್ತ ಹೇಳುತ್ತಿದ್ದಳು. ನಗುವಿನ ಹಿಂದೆ ಸುಸ್ತು ಇರುತ್ತಿತ್ತು.

ಕೊರೊನಾ ಬಂದು ಶಾಲೆ ಮುಚ್ಚಿದಾಗ ಆ ಮಕ್ಕಳು ಲೈನಿನಲ್ಲೇ ಉಳಿದರು. ಫೋನಿನಲ್ಲಿ ಪಾಠ ಕಳಿಸಬೇಕೆಂದು ಮೇಲಿನವರ ಅಪ್ಪಣೆ. ಅವಳು ಫೋನು ಮುಂದಿಟ್ಟುಕೊಂಡು ಮಾತಾಡಿದ್ದೇ ಮಾತಾಡಿದ್ದು, ಅತ್ತ ಕಡೆಯಿಂದ ಒಂದು ಮಗುವೂ ಉತ್ತರ ಕೊಡಲಿಲ್ಲ. ಒಂದು ಮಧ್ಯಾಹ್ನ ನಾನು ಜಗಲಿಯಲ್ಲಿ ಕಾಫಿ ಹಣ್ಣು ಆರಿಸುತ್ತಿದ್ದೆ. ಕೆಂಪು ಒಂದು ಕಡೆ, ಹಸಿರು ಒಂದು ಕಡೆ. ಪುಟ್ಟಿ, ನೀನು ಆಗ ಮಾತು ಸರಿಯಾಗಿ ಬಾರದ ಮಗು, ಪಕ್ಕದಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದೆ. ನಾನು ಒಂದು ಕೆಂಪು ಹಣ್ಣನ್ನು ಹಸಿರಿನ ಗುಡ್ಡೆಗೆ ಬೇಕೆಂದೇ ಹಾಕಿದೆ. ನೀನು ಅದನ್ನು ಎತ್ತಿ ಕೆಂಪಿನ ಕಡೆಗೆ ಇಟ್ಟೆ. ಯಾರೂ ಒಂದು ಮಾತೂ ಆಡಿರಲಿಲ್ಲ.

ನಿಮ್ಮ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಅತ್ತೆ, ಅದನ್ನೇ ಇನ್ನೊಂದು ಸಲ ಮಾಡ್ತೀರಾ? ಫೋನಲ್ಲಿ ತಗೊಳ್ತೀನಿ.”

“ಮುಖ ಬರುತ್ತಾ? ಮುಖ ಬೇಡ ಕಣವ್ವ.”

“ಬರೀ ಕೈ. ದೇವರಾಣೆ.”

ಕೆಂಪು ಪ್ಲಾಸ್ಟಿಕ್ ಸ್ಟೂಲಿನ ನಡುವೆ ಒಂದು ತೂತು ಇರುತ್ತದಲ್ಲ, ಅದರ ಮೇಲೆ ಫೋನು ಮಲಗಿಸಿದಳು. ಕೆಳಗೆ ಮೊರ, ಮೊರದಲ್ಲಿ ಹಣ್ಣು, ಸ್ಟೂಲಿನ ಕಾಲುಗಳ ನಡುವೆ ನನ್ನ ಕೈ. ನಾಯಿ ಬೊಗಳಿದ್ದು, ಪಕ್ಕದ ಮನೆಯ ಮಿಕ್ಸಿ ಎಲ್ಲ ಸೇರಿಕೊಂಡಿದ್ದರಿಂದ ಸದ್ದನ್ನು ತೆಗೆದುಹಾಕಿದಳು. ಅದು ಲೈನಿನ ಫೋನುಗಳಿಗೆ ಹೋಯಿತು. ಮಾರನೆಯ ದಿನ ಅಸ್ಸಾಮಿನ ಒಬ್ಬ ತಾಯಿ ತನ್ನ ಮಗಳ ಕೈಯನ್ನು ಹಾಗೆಯೇ ಮೇಲಿನಿಂದ ತೆಗೆದು ಕಳಿಸಿದಳು. ಸಣ್ಣ ಕೈ, ಉಗುರಿನಲ್ಲಿ ಮಣ್ಣು. ಕಲ್ಲು ಒಂದು ಕಡೆ, ಎಲೆ ಒಂದು ಕಡೆ.

ಶುರುವಾಗಿದ್ದು ಹೀಗೆ. ಇದನ್ನು ಬರೆದಿಡುವುದು ಯಾಕೆಂದರೆ, ಈಗ ಯಾರಾದರೂ ಕೇಳಿದರೆ ಇದೊಂದು ‘ಯೋಜನೆ’ ಎನ್ನುತ್ತಾರೆ. ಅಂಥದ್ದೇನೂ ಇರಲಿಲ್ಲ. ಒಂದು ಮೊರ ಇತ್ತು, ಒಂದು ಸ್ಟೂಲು ಇತ್ತು, ನನ್ನ ನಾಚಿಕೆ ಇತ್ತು.

ಆಮೇಲೆ ರೊಟ್ಟಿಯನ್ನು ಅರ್ಧ, ಕಾಲು ಮಾಡುವುದು, ಬಿದಿರಿನ ಸೀಳಿನಲ್ಲಿ ಮೂರು ಮೂಲೆ ನಾಲ್ಕು ಮೂಲೆ ಕಟ್ಟುವುದು, ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿಟ್ಟು ಮೊಳಕೆ ತೋರಿಸುವುದು, ಪಾವಿನಿಂದ ಸೇರು ತುಂಬುವುದು ಎಲ್ಲವನ್ನೂ ಮಾಡಿದೆವು. ಅವನ್ನೆಲ್ಲ ನಿಮ್ಮ ಅಮ್ಮ ಇಂಟರ್‌ನೆಟ್ಟಿನಲ್ಲಿ ಒಂದು ಕಡೆ ಹಾಕಿದಳು. ಅಲ್ಲಿ ಟೀಚರುಗಳು ತಾವು ಮಾಡಿದ ಪಾಠವನ್ನು ಪುಕ್ಕಟೆಯಾಗಿ ಇಡುತ್ತಾರಂತೆ. ಹಾಕುವ ಮುಂಚೆ ನನ್ನನ್ನು ಕೇಳಿದಳು. ಕೇಳಲಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ.

“ಇದು ಎಲ್ಲರದ್ದೂ ಆಗುತ್ತೆ ಅತ್ತೆ. ಯಾರು ಬೇಕಾದ್ರೂ ತಗೋಬೋದು, ತಿದ್ದಬೋದು, ಅವರ ಮಾತು ಸೇರಿಸ್ಬೋದು. ಅವರು ತಿದ್ದಿದ್ದನ್ನೂ ಹಾಗೇ ಎಲ್ರಿಗೂ ಬಿಡ್ಬೇಕು. ಒಂದ್ಸಲ ಕೊಟ್ರೆ ವಾಪಸ್ ಕೇಳಂಗಿಲ್ಲ.”

“ಊರ ಕೆರೆ ಇದ್ದಂಗೆ.”

“ಹಂಗೇ. ಯೋಚ್ನೆ ಮಾಡಿ ಹೇಳಿ.”

“ಯೋಚ್ನೆ ಎಂಥದು, ನೋಡಿದ್ರೆ ಕೈ ಏನು ಸವೆದು ಹೋಗುತ್ತಾ?” ಎಂದೆ. ಅಷ್ಟು ಧಾರಾಳ ನನಗೆ.

ಮೊದಲು ಕೀನ್ಯಾ ದೇಶದ ಒಬ್ಬ ಟೀಚರಮ್ಮ ನನ್ನ ಕಾಫಿ ಹಣ್ಣಿನ ಪಾಠಕ್ಕೆ ತನ್ನ ದನಿ ಸೇರಿಸಿ ಹಾಕಿದಳು. ನನ್ನದೇ ಕೈ, ನಮ್ಮದೇ ಮೊರ, ಮೇಲಿನಿಂದ ಯಾವುದೋ ಭಾಷೆಯಲ್ಲಿ ತುಂಬು ದನಿಯ ಎಣಿಕೆ. ಅವರ ಕಡೆಯೂ ಕಾಫಿ ಬೆಳೆಯುತ್ತಾರಂತೆ, ಹಣ್ಣು ನೋಡಿದ ಕೂಡಲೇ ಗುರುತು ಹಿಡಿದಿದ್ದಳು. ನಾನು ಆ ತುಣುಕನ್ನು ಎಷ್ಟು ಸಲ ಹಾಕಿಸಿ ನೋಡಿದೆನೋ. ನಿಮ್ಮ ಅಪ್ಪ, “ಅವ್ವ, ನಿನ್ ಕೈಗೆ ಪಾಸ್‌ಪೋರ್ಟ್ ಇಲ್ದೇ ವೀಸಾ ಸಿಕ್ತು” ಎಂದು ತಮಾಷೆ ಮಾಡಿದ.

ಮಾತಿಲ್ಲದ್ದರಿಂದ ಯಾರ ಮಾತು ಬೇಕಾದರೂ ಕೂರುತ್ತಿತ್ತು. ಮುಖವಿಲ್ಲದ್ದರಿಂದ ಯಾವ ದೇಶದ ಮಗುವಿಗೂ ಅದು ಹೊರಗಿನವರ ಪಾಠ ಅನ್ನಿಸುತ್ತಿರಲಿಲ್ಲ. ನೇಪಾಳದ ಬೆಟ್ಟದ ಶಾಲೆಯ ಒಬ್ಬ ಮೇಷ್ಟ್ರು, ಬ್ರೆಜಿಲ್ಲಿನ ಇಬ್ಬರು, ಫಿಲಿಪ್ಪೀನ್ಸಿನ ಒಂದು ದ್ವೀಪದವಳು, ಹೀಗೆ ಸೇರುತ್ತ ಹೋದರು. ಸುಮ್ಮನೆ ತೆಗೆದುಕೊಂಡು ಹೋಗಲಿಲ್ಲ, ತಮ್ಮ ಕೈಯ ಪಾಠವನ್ನೂ ಮಾಡಿ ಹಾಕಿದರು. ಮೀನಿನ ಬಲೆ ಹೆಣೆಯುವ ಕೈ, ಮೆಕ್ಕೆಜೋಳ ಬಿಡಿಸುವ ಕೈ, ಉಣ್ಣೆ ನೂಲುವ ಕೈ. ಶನಿವಾರ ಸಂಜೆ ಎಲ್ಲರೂ ಲ್ಯಾಪ್‌ಟಾಪಿನಲ್ಲಿ ಕೂಡುತ್ತಿದ್ದರು. ನಿಮ್ಮ ಅಮ್ಮ ಮುಂದೆ ಕೂರುತ್ತಿದ್ದಳು. ನಾನು ಪಕ್ಕದ ಬೆಂಚಿನಲ್ಲಿ, ಕ್ಯಾಮೆರಾಕ್ಕೆ ಸಿಗದ ಹಾಗೆ, ಅವರೆಕಾಯಿ ಸುಲಿಯುತ್ತಲೋ ಬಟ್ಟೆ ಹೊಲಿಯುತ್ತಲೋ ಕೂತಿರುತ್ತಿದ್ದೆ. ಅವಳು ಆಗಾಗ ಕನ್ನಡದಲ್ಲಿ ಹೇಳುತ್ತಿದ್ದಳು. ಹೇಳದಿದ್ದರೂ ಅಷ್ಟಿಷ್ಟು ತಿಳಿಯುತ್ತಿತ್ತು. ಕೇಳಿ ಕೇಳಿ ಇಂಗ್ಲಿಷು ಕಿವಿಗೆ ಹತ್ತುತ್ತದೆ, ಬಾಯಿಗೆ ಬರುವುದಿಲ್ಲ ಅಷ್ಟೆ.

ಅಲ್ಲಿ ಜಗಳಗಳೂ ಆಗುತ್ತಿದ್ದವು. ಯೂರೋಪಿನ ಒಬ್ಬ, ಹಿನ್ನೆಲೆಗೆ ಸಂಗೀತ ಹಾಕೋಣ, ಕೊನೆಯಲ್ಲಿ ಪಾಠ ಮಾಡಿದವರ ಮುಖ ತೋರಿಸೋಣ ಎಂದ. ವಾದ ಎಷ್ಟೋ ಶನಿವಾರ ನಡೆಯಿತು. ಕಡೆಗೆ ಎಲ್ಲರೂ ಕೈ ಎತ್ತಿ ತೀರ್ಮಾನ ಮಾಡಿದರು: ಮುಖವಿಲ್ಲ, ಸಂಗೀತವಿಲ್ಲ. ಆ ದಿನ ನನಗಾದ ಸಂತೋಷವನ್ನು ಯಾರಿಗೂ ಹೇಳಲಿಲ್ಲ. ನನ್ನ ನಾಚಿಕೆಯನ್ನು ಅಷ್ಟು ದೇಶದವರು ನಿಯಮ ಮಾಡಿಕೊಂಡಿದ್ದರು.

ಹೊಸಬರು ಸೇರಿದಾಗ ಅವರನ್ನು ಬರಮಾಡಿಕೊಳ್ಳುವುದು ನನ್ನ ಕೆಲಸವಾಯಿತು. ಮನೆಗೆ ಬಂದವರಿಗೆ ನಾವು ಏನು ಕೊಡುತ್ತೇವೋ ಅದನ್ನೇ ಕೊಟ್ಟೆ. ಒಂದು ಲೋಟ ನೀರು, ಪಕ್ಕದಲ್ಲಿ ಒಂದು ಚೂರು ಬೆಲ್ಲ, ಅದನ್ನು ಮುಂದಕ್ಕೆ ಸರಿಸುವ ಕೈ. ಅಷ್ಟೇ ತುಣುಕು. ಅದಕ್ಕೆ ಅವರು ತಮ್ಮ ಮನೆಯದನ್ನು ಕಳಿಸುತ್ತಿದ್ದರು. ಒಬ್ಬರು ಖರ್ಜೂರ ಸರಿಸಿದರು, ಒಬ್ಬರು ಗಿಂಡಿಯಲ್ಲಿ ಮಜ್ಜಿಗೆಯಂಥದ್ದೇನೋ. ಒಬ್ಬಳು ಏನೂ ಇಲ್ಲದೆ ಬರೀ ಅಂಗೈ ಬಿಚ್ಚಿ ತೋರಿಸಿದಳು. ಅವಳ ಊರಲ್ಲಿ ಗಲಾಟೆ, ಅಂಗಡಿ ಮುಚ್ಚಿವೆ ಎಂದು ಆಮೇಲೆ ತಿಳಿಯಿತು. ಮಾತಾಡಲು ಬಾರದ ನನಗೆ ಆ ವರ್ಷಗಳಲ್ಲಿ ಇದ್ದಷ್ಟು ಗೆಳತಿಯರು ಯಾವತ್ತೂ ಇರಲಿಲ್ಲ. ಬೆಂಚಿನಿಂದ ಯಾರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಕೈ ನೋಡಿದರೆ ಗುರುತು ಹಿಡಿಯುತ್ತಿದ್ದೆ.

ಇನ್ನು ನನ್ನ ಕೈಯ ವಿಷಯ.

ನಿಮ್ಮ ಅಜ್ಜ ಹೋದ ಹನ್ನೊಂದನೆಯ ದಿನ ನಮ್ಮ ಕಡೆಯ ಹಿರಿಯ ಹೆಂಗಸರು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೈ ಇಡಿಸಿ ಬಳೆ ಒಡೆದರು. ಈಗ ಎಷ್ಟೋ ಮನೆಗಳಲ್ಲಿ ಇದನ್ನು ಬಿಟ್ಟಿದ್ದಾರೆ. ಆಗಲೂ ಕೆಲವರು ಬಿಟ್ಟಿದ್ದರು. ನಮ್ಮ ಮನೆಯಲ್ಲಿ ಬಿಡಲಿಲ್ಲ. ಒಡೆದವರಲ್ಲಿ ಇಬ್ಬರು ನನ್ನ ಜೊತೆ ಒಂದೇ ಗದ್ದೆಯಲ್ಲಿ ನಾಟಿ ಮಾಡಿದವರು. ಒಬ್ಬಳು ಅಳುತ್ತ ಒಡೆದಳು. ಅತ್ತರೇನು, ಒಡೆದದ್ದು ಒಡೆದದ್ದೇ. ಅಂದಿನಿಂದ ನನ್ನ ಮಣಿಕಟ್ಟು ಬರಿದಾಗಿದೆ. ಪಾಠ ತೆಗೆಯುವಾಗ ಇದರ ಬಗ್ಗೆ ನಾನಾಗಲಿ ನಿಮ್ಮ ಅಮ್ಮನಾಗಲಿ ಒಂದು ಸಲವೂ ಯೋಚಿಸಿರಲಿಲ್ಲ. ಹೊರದೇಶದವರಿಗೆ ಅದು ಬರೀ ಒಂದು ಕೈ.

ಎಲ್ಲ ಪಾಠಗಳಿಗಿಂತ ದೂರ ಹೋದದ್ದು ಅಕ್ಕಿಯ ಪಾಠ. ಹಿತ್ತಾಳೆ ಹರಿವಾಣದಲ್ಲಿ ಅಕ್ಕಿ ಹರವಿ, ಬೆರಳಿನಿಂದ ನಿಂತ ಗೆರೆ, ಮಲಗಿದ ಗೆರೆ, ಓರೆ ಗೆರೆ, ಸೊನ್ನೆ, ಸುರುಳಿ ಎಳೆಯುವುದು. ಯಾವ ಅಕ್ಷರವೂ ಅಲ್ಲ, ಎಲ್ಲ ಅಕ್ಷರಕ್ಕೂ ಬೇಕಾದದ್ದು. ಒಂದೊಂದು ಗೆರೆ ಎಳೆದು ಕೈ ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿದು ಕಾಯುತ್ತದೆ, ನೋಡುವ ಮಗು ತನ್ನ ತಟ್ಟೆಯಲ್ಲಿ ಎಳೆಯಲಿ ಎಂದು. ಮರಳು, ಜೋಳದ ಹಿಟ್ಟು, ಬೂದಿ, ಯಾರ ಹತ್ತಿರ ಏನಿತ್ತೋ ಅದರಲ್ಲಿ ಮಕ್ಕಳು ನನ್ನ ಬೆರಳಿನ ಹಿಂದೆ ಬರೆದರು. ಕೀನ್ಯಾದ ಟೀಚರಮ್ಮ ಒಂದು ಶನಿವಾರ ತನ್ನ ಇಡೀ ಕ್ಲಾಸನ್ನು ಅಂಗಳದ ಮಣ್ಣಿನಲ್ಲಿ ಕೂರಿಸಿ ತೋರಿಸಿದಳು. ಅಷ್ಟೂ ಮಕ್ಕಳು ಒಟ್ಟಿಗೆ ಸೊನ್ನೆ ಎಳೆದವು.

ಪುಟ್ಟಿ, ಅದಾದ ಮೇಲಿನ ವಿಜಯದಶಮಿಯಲ್ಲಿ ನಮ್ಮ ನಡುಮನೆಯಲ್ಲಿ ನಿನ್ನ ಕೈ ಹಿಡಿದು ಅಕ್ಕಿಯಲ್ಲಿ ಮೊದಲ ಅಕ್ಷರ ಬರೆಸಿದವರು ನಿನ್ನ ನಾಪೋಕ್ಲು ಅಜ್ಜಿ. ಮುತ್ತೈದೆಯ ಕೈ ಆಗಬೇಕು. ನಾನು ಅಕ್ಕಿ ಆರಿಸಿ ಕೊಟ್ಟೆ, ಹರಿವಾಣ ಬೆಳಗಿ ಕೊಟ್ಟೆ, ಒಳಗೆ ಹೋಗಿ ಪಾಯಸ ಕಲಕಿದೆ. ಚಿಣ್ಣು, ನಿನಗೂ ಹಾಗೆಯೇ ಆಯಿತು. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಪೂಜೆ ಬೇರೆ, ಪಾಠ ಬೇರೆ ಎಂದುಕೊಂಡಿದ್ದೆ. ಅದೊಂದೇ ನಾನು ಮಾಡಿದ ತಪ್ಪು ಲೆಕ್ಕ. ಹಿತ್ತಾಳೆ ಹರಿವಾಣದಲ್ಲಿ ಅಕ್ಕಿ ಹರವಿದರೆ ನಮ್ಮ ಜನಕ್ಕೆ ಅದು ಪಾಠವಾಗಿ ಕಾಣುವುದಿಲ್ಲ, ಪೂಜೆಯಾಗಿಯೇ ಕಾಣುತ್ತದೆ. ಪ್ಲಾಸ್ಟಿಕ್ ಟ್ರೇಯಲ್ಲಿ ಮರಳು ಹಾಕಿ ತೆಗೆದಿದ್ದರೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲವೇನೋ.

ಒಂದು ಟ್ರಸ್ಟಿನವರು ಬಂದರು. ಹೆಸರು ಬೇಡ. ತಾಲ್ಲೂಕಿನ ಅಂಗನವಾಡಿಗಳಿಗೆ ಟಿ.ವಿ. ಕೊಡುತ್ತೇವೆ, ನಿಮ್ಮ ಪಾಠಗಳನ್ನು ಅದರಲ್ಲಿ ತುಂಬಿಸಿ ಎಂದರು. ನಿಮ್ಮ ಅಮ್ಮನ ಮುಖ ನೋಡಬೇಕಿತ್ತು. ಇಷ್ಟು ದಿನ ದೇಶ ದೇಶ ಸುತ್ತಿದ ಪಾಠ ನಮ್ಮ ಊರಿನ ಗೋಡೆಗೆ ಬರುತ್ತದೆ ಎಂದು. ಸೋಮವಾರಪೇಟೆಯಲ್ಲಿ ಒಂದು ದಿನದ ತರಬೇತಿ ಇಟ್ಟು, ಅಂಗನವಾಡಿಯವರಿಗೂ ಕೆಲವು ತಾಯಂದಿರಿಗೂ ಮೊದಲ ಪಾಠಗಳನ್ನು ತೋರಿಸಿದರಂತೆ. ಅವಳು ಸಂಜೆ ಬಸ್ಸಿಳಿದು ಬಂದವಳು ಚಪ್ಪಲಿ ಬಿಚ್ಚದೆ ಜಗಲಿಯಲ್ಲಿ ಕೂತಳು.

“ಏನಾಯ್ತವ್ವ?”

“ಏನಿಲ್ಲ.”

“ಟಿ.ವಿ. ಕೊಡಲ್ವಂತಾ?”

“ಕೊಡ್ತಾರೆ.” ಚಪ್ಪಲಿಯ ಪಟ್ಟಿ ಬಿಚ್ಚುತ್ತ, “ಅಕ್ಕಿ ಪಾಠ ಹಾಕಿದ ಕೂಡ್ಲೆ ಒಬ್ಬಳು ಎದ್ದು ನಿಂತ್ಲು ಅತ್ತೆ. ‘ಇದೇನು ಮಿಸ್, ಅಕ್ಕಿ ತಟ್ಟೆಗೆ ಬೋಳು ಕೈ ಇಟ್ಟಿದ್ದಾರೆ? ನಮ್ ಮಕ್ಳು ಮೊದ್ಲನೇ ಗೆರೆ ಇದನ್ನ ನೋಡ್ಕೊಂಡು ಬರೀಬೇಕಾ?’ ಅಂದ್ಲು. ಆಮೇಲೆ ಎಲ್ರೂ ಶುರು ಮಾಡಿದ್ರು” ಎಂದಳು.

ನಾನು ಕಾಫಿ ತಂದುಕೊಟ್ಟೆ. ಕುಡಿದಳು. ಲೋಟವನ್ನು ಕೆಳಗಿಡದೆ ಕೈಯಲ್ಲೇ ತಿರುಗಿಸುತ್ತ ಹೇಳಿದಳು, “ಟ್ರಸ್ಟಿನವರು ಏನಂತಾರೆ ಅಂದ್ರೆ, ಅದೊಂದನ್ನ ಸರಿ ಮಾಡಿದ್ರೆ ಸಾಕು ಅಂತ. ಎರಡು ಬಳೆ ಹಾಕ್ಕೊಳಿ ಅತ್ತೆ. ಶೂಟಿಂಗ್ ಹೊತ್ತಿಗೆ ಮಾತ್ರ. ಯಾರಿಗೆ ಗೊತ್ತಾಗುತ್ತೆ?”

ನಾನು ಜೀವಮಾನದಲ್ಲಿ ಗಟ್ಟಿಯಾಗಿ ಆಡಿದ ಮಾತು ಅದೊಂದೇ ಇರಬೇಕು. “ಅವತ್ತು ಒಡೆದೋರು ಇವತ್ತು ಬಂದು ಹಾಕ್ಲಿ. ಹಾಕ್ಕೊಳ್ತೀನಿ.”

ಅವಳಿಗೆ ಸಿಟ್ಟು ಬಂತು. “ನಾ ಎಂತ ಮಾಡ್ಲಿ? ನಂಗೆ ಗೊತ್ತಿಲ್ಲೆ!” ಎಂದು ಲೋಟ ಕುಕ್ಕಿ ಎದ್ದು ಹೋದಳು. ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಅಪ್ಪ ತಟ್ಟೆಯಿಂದ ತಲೆ ಎತ್ತದೆ, “ಬಿಡವ್ವ. ನಿಂಗೆ ಹೆಂಗೂ ಜನರ ಮುಂದೆ ಬರೋಕೆ ನಾಚಿಕೆ ತಾನೇ” ಎಂದ. ಜನರ ಮುಂದೆ ಬರುವುದು ಬೇರೆ, ಜನರ ಮುಂದಿನಿಂದ ಎಬ್ಬಿಸಿ ಕಳಿಸುವುದು ಬೇರೆ. ಅವನಿಗೆ ಅದನ್ನು ಬಿಡಿಸಿ ಹೇಳಲು ನನಗೆ ಬರಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಮೇಲಿನ ಮನೆಯ ಹೊಸ ಸೊಸೆ ಬಂದಳು. ಮದುವೆಯ ಅರಿಶಿನ ಇನ್ನೂ ಮಾಸಿರಲಿಲ್ಲ. ಎರಡು ಕೈಗೂ ಹಸಿರು ಗಾಜಿನ ಬಳೆ. ಒಳ್ಳೆಯ ಹುಡುಗಿ, ಅವಳ ಮೇಲೆ ನನಗೆ ಯಾವ ಕೋಪವೂ ಇಲ್ಲ. ನಿಮ್ಮ ಅಮ್ಮ ನನ್ನ ಕಡೆ ನೋಡದೆ, “ಅತ್ತೆ, ಇವಳಿಗೆ ಸ್ವಲ್ಪ ತೋರಿಸ್ಕೊಡಿ. ನಿಮ್ ಥರಾನೇ ಬರ್ಬೇಕು” ಎಂದಳು.

ತೋರಿಸಿಕೊಟ್ಟೆ. ಬರೆಯಲು ಕೂತಾಗಲೂ ಇದು ನನಗೆ ಅರ್ಥವಾಗುತ್ತಿಲ್ಲ, ಯಾಕೆ ತೋರಿಸಿಕೊಟ್ಟೆನೋ. ಕೇಳಿದ್ದನ್ನು ಮಾಡಿ ಅಭ್ಯಾಸ, ಅದಕ್ಕೇ ಇರಬೇಕು. ಅದೇ ಸ್ಟೂಲು, ಅದೇ ಹರಿವಾಣ.

“ಅವಸರ ಮಾಡ್ಬೇಡ ಮಗ. ಗೆರೆ ಎಳೆದು ಕೈ ತೆಗಿ. ಕಾಯಿ.”

“ಎಷ್ಟು ಹೊತ್ತು ಅಜ್ಜಿ?”

“ಆ ಕಡೆ ಒಂದು ಮಗು ಬರೀತಾ ಇದೆ ಅಂದ್ಕೋ.”

ಅವಳು ಸೊನ್ನೆ ಎಳೆಯುವಾಗಲೆಲ್ಲ ಬಳೆ ಜಾರಿ ಬಂದು ಅಕ್ಕಿಯನ್ನು ಸವರುತ್ತಿತ್ತು, ಎಳೆದದ್ದು ಅಳಿಸಿಹೋಗುತ್ತಿತ್ತು. “ಅಯ್ಯೋ ಅಜ್ಜಿ, ಈ ಬಳೆದೇ ಕಾಟ! ತೆಗ್ದಿಡ್ಲಾ?” ಎಂದಳು ಪಾಪ, ತಿಳಿಯದೆ. ನಿಮ್ಮ ಅಮ್ಮ ಆಚೆ ಮುಖ ತಿರುಗಿಸಿದಳು. ನಾನೇ ಒಳಗಿನಿಂದ ರಬ್ಬರ್ ಬ್ಯಾಂಡು ತಂದು, ಬಳೆಗಳನ್ನು ಮೇಲಕ್ಕೆ ಸರಿಸಿ, ಮೊಣಕೈ ಕಡೆಗೆ ಬಿಗಿದು ಕಟ್ಟಿದೆ. ಆದರೂ ನಾಲ್ಕು ಬಳೆ ಕಾಣುವ ಹಾಗೆ ಬಿಡಬೇಕಾಯಿತು. ಕಾಣಿಸುವುದಕ್ಕೇ ತಾನೇ ಅವು ಇದ್ದದ್ದು.

ಒಂದು ಪಾಠ ತಿದ್ದುತ್ತೇವೆ ಎಂದವರು ಆಮೇಲೆ ಎಲ್ಲವನ್ನೂ ತಿದ್ದಿದರು. ಒಂದು ಕೈ ಒಂದು ಥರ, ಇನ್ನೊಂದು ಇನ್ನೊಂದು ಥರ ಇದ್ದರೆ ಮಕ್ಕಳಿಗೆ ಗಲಿಬಿಲಿ ಎಂದು ಟ್ರಸ್ಟಿನವರು ಹೇಳಿದರಂತೆ. ಕಾಫಿ ಹಣ್ಣು, ರೊಟ್ಟಿ, ಬಿದಿರು, ಮೊಳಕೆ ಎಲ್ಲ ಹೊಸದಾದವು. ಬೆಲ್ಲ ನೀರನ್ನೂ ಬಿಡಲಿಲ್ಲ. ಹೊಸ ಪಾಠ ಮೇಲೆ ಬಂತು, ನನ್ನವು ‘ಹಳೆಯ ಆವೃತ್ತಿ’ ಎಂಬ ಹೆಸರಿನಲ್ಲಿ ಎಲ್ಲೋ ಕೆಳಗೆ ಹೋದವು. ಇದರಲ್ಲಿ ನಿಯಮ ಮೀರಿದ್ದು ಏನೂ ಇಲ್ಲ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು ಎಂದು ನಾನೇ ಒಪ್ಪಿದ್ದೆ. ಕೆರೆಯ ನೀರು ಎಲ್ಲರದ್ದು ಎಂದವಳು ನಾನೇ. ಆ ಕೆರೆಯಿಂದ ನನ್ನನ್ನೇ ಆಚೆ ನಿಲ್ಲಿಸುತ್ತಾರೆ ಎಂದು ಹೊಳೆದಿರಲಿಲ್ಲ, ಅಷ್ಟೆ. ಅಷ್ಟು ದೇಶಗಳಿಗೆ ಹೋಗಿ ಬಂದ ಕೈಗೆ ಸೋಮವಾರಪೇಟೆಯಲ್ಲಿ ಜಾಗವಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮುಂದಿನ ಶನಿವಾರವೂ ನಾನು ಬೆಂಚಿನಲ್ಲಿ ಕೂತಿದ್ದೆ. ಚಿಣ್ಣುವಿನ ಅಂಗಿಯ ಗುಂಡಿ ಹೊಲಿಯುತ್ತಿದ್ದೆ. ಕೀನ್ಯಾದ ಟೀಚರಮ್ಮನಿಗೆ ಹೊಸ ಪಾಠಗಳು ಸಿಕ್ಕಿದ್ದವು. ಅವಳು ಸುತ್ತಿ ಬಳಸಿ ಮಾತಾಡುವವಳಲ್ಲ. ಮೊದಲಿದ್ದ ಕೈ ಎಲ್ಲಿ, ನಮ್ಮನ್ನೆಲ್ಲ ನೀರು ಕೊಟ್ಟು ಕರೆದ ಕೈ, ಎಂದು ನೇರವಾಗಿ ಕೇಳಿದಳು. ಬೇರೆಯವರೂ ಹೌದು ಹೌದು ಎಂದರು. ನಿಮ್ಮ ಅಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ನಾನು ಸೂಜಿ ನಿಲ್ಲಿಸಿ ಅವಳ ಕಡೆ ನೋಡಿದೆ. ಈಗ ಹೇಳುತ್ತಾಳೆ ಎಂದುಕೊಂಡೆ. ನಮ್ಮಲ್ಲಿ ಗಂಡ ಸತ್ತವಳ ಕೈ ಅಕ್ಕಿಗೆ ತಾಗಬಾರದು, ಅದಕ್ಕೇ ತೆಗೆದೆವು, ಎಂದು ಅಷ್ಟೂ ದೇಶದವರ ಮುಂದೆ ಹೇಳುತ್ತಾಳೆ, ಹೇಳಿದರೆ ನನಗೆ ಅವಮಾನವಾದರೂ ಸರಿ ಎಂದುಕೊಂಡೆ.

ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ಇದು: ಅವರಿಗೆ ವಯಸ್ಸಾಯಿತು, ಈಗ ಕೈ ನಡುಗುತ್ತದೆ, ವಿಶ್ರಾಂತಿಯಲ್ಲಿದ್ದಾರೆ.

ನನಗೆ ಅರ್ಥವಾಗುವುದಿಲ್ಲ ಎಂದುಕೊಂಡಳೋ, ಆದರೂ ಪರವಾಗಿಲ್ಲ ಎಂದುಕೊಂಡಳೋ ಗೊತ್ತಿಲ್ಲ. ನಾನು ತಲೆ ಬಗ್ಗಿಸಿ ಸೂಜಿಗೆ ಹೊಸ ದಾರ ಪೋಣಿಸಿದೆ. ಕನ್ನಡಕವಿಲ್ಲದೆ, ಒಂದೇ ಸಲಕ್ಕೆ.

ಆ ವಾರವೆಲ್ಲ ತುಣುಕುಗಳು ಬಂದವು. ನೇಪಾಳದ ಮೇಷ್ಟ್ರು ಒಂದು ದೀಪ ಹಚ್ಚಿಟ್ಟರು. ಬ್ರೆಜಿಲ್ಲಿನವಳು ಹೂವು ಇಟ್ಟಳು. ಎಷ್ಟೋ ಕೈಗಳು ಎದೆಯ ಮೇಲೆ ಕೂತವು, ಬೀಸಿದವು, ಮುಗಿದವು. ನಿಮ್ಮ ಅಮ್ಮ ಅವನ್ನೆಲ್ಲ ಒಂದೊಂದಾಗಿ ನನಗೆ ತೋರಿಸಿದಳು, “ನೋಡಿ ಅತ್ತೆ, ನಿಮ್ಮನ್ನ ಎಷ್ಟು ಇಷ್ಟ ಪಡ್ತಾರೆ” ಎಂದು ಕಣ್ಣೊರೆಸಿಕೊಂಡಳು. ಬದುಕಿರುವಾಗಲೇ ಕೂರಿಸಿ ತಿಥಿಯೂಟ ಬಡಿಸಿದ ಹಾಗಿತ್ತು ನನಗೆ.

“ಅವರಿಗೆಲ್ಲ ಒಂದು ಥ್ಯಾಂಕ್ಸ್ ಕಳಿಸೋಣ ಅತ್ತೆ. ಕೈ ಮುಗಿದ್ರೆ ಸಾಕು” ಎಂದಳು. ಸ್ಟೂಲು ತಂದಿಟ್ಟಳು. ನಾನು ಕೈ ಮುಗಿದೆ. ಅವಳು ಫೋನು ನೋಡಿ, ತಗ್ಗಿದ ದನಿಯಲ್ಲಿ ಹೇಳಿದಳು, “ತುಂಬ ಗಟ್ಟಿಯಾಗಿ ಕಾಣ್ತಿದೆ. ಒಂಚೂರು ಅಲುಗಾಡಿಸ್ತೀರಾ?”

ನಾನು ಅವಳ ಮುಖ ನೋಡಿದೆ. ಅವಳು ತಮಾಷೆ ಮಾಡುತ್ತಿರಲಿಲ್ಲ. ಹೇಳಿದ ಸುಳ್ಳಿಗೆ ಮುಚ್ಚಳ ಬೇಕಿತ್ತು, ಅಷ್ಟೇ. ಸ್ಟೂಲಿನ ಕೆಳಗಿನಿಂದ ಕೈ ತೆಗೆದುಕೊಂಡು ಹಿತ್ತಲಿಗೆ ಹೋದೆ. ಆ ಥ್ಯಾಂಕ್ಸ್ ಹೋಗಲಿಲ್ಲ. ಶನಿವಾರ ಬೆಂಚಿನಲ್ಲಿ ಕೂರುವುದನ್ನೂ ಬಿಟ್ಟೆ.

ನಿಮ್ಮ ಅಮ್ಮ ಕೆಟ್ಟವಳಲ್ಲ. ಅಂಗನವಾಡಿಗಳಿಗೆ ಟಿ.ವಿ. ಬಂದಿದೆ, ಲೈನಿನ ಮಕ್ಕಳು ಅದರ ಮುಂದೆ ಕೂತು ಗೆರೆ ಎಳೆಯುತ್ತಿದ್ದಾರೆ, ಅದು ಅವಳಿಂದ ಆದದ್ದು. ನನಗೆ ಜ್ವರ ಬಂದರೆ ರಾತ್ರಿಯೆಲ್ಲ ಎದ್ದು ಕೂರುವವಳೂ ಅವಳೇ. ಅದು ಗೊತ್ತಿರುವುದರಿಂದಲೇ ಕಹಿ ಹೆಚ್ಚು. ಕೆಟ್ಟವರು ಮಾಡಿದ್ದರೆ ನಾಲ್ಕು ಬೈದು ಹಗುರಾಗುತ್ತಿದ್ದೆ. ಊರಿನವರು ನನ್ನ ಕೈ ಬೇಡವೆಂದರು, ಅದು ಹೊಸದಲ್ಲ, ಅದನ್ನು ಹೊತ್ತುಕೊಂಡೇ ಇಷ್ಟು ವರ್ಷ ನಡೆದಿದ್ದೇನೆ. ಹೊರಗಿನವರು ಒಂದೇ ಒಂದು ಕಡೆ ಅದನ್ನು ಬರೀ ಕೈ ಎಂದು ನೋಡಿದ್ದರು. ಅಲ್ಲಿಯೂ ಅದನ್ನು ರೋಗಿಷ್ಠ ಕೈ ಮಾಡಿ ಇಟ್ಟರು. ಈಗ ಆ ಗೆಳತಿಯರಿಗೆ ನಾನು ಮರುಕದ ಮುದುಕಿ. ಅದನ್ನು ಅಳಿಸಲು ನನ್ನ ಬಳಿ ಅವರ ಮಾತಿಲ್ಲ, ಕೈ ತೋರಿಸಲು ಫೋನು ನನ್ನದಲ್ಲ.

ಆದ್ದರಿಂದ ನಿಮಗೆ ಬರೆದಿದ್ದೇನೆ. ಚೆನ್ನಾಗಿ ಬೆಳಕಿರುವ ಕಡೆ ಹಿಡಿದು ಈ ಸಾಲುಗಳನ್ನು ನೋಡಿ. ಎಲ್ಲಿಯಾದರೂ ಒಂದು ಅಕ್ಷರದ ಸೊನ್ನೆ ಅಲುಗಿದೆಯೇ ಹುಡುಕಿ. ಇದನ್ನು ಫೋನಿಗೋ ಲ್ಯಾಪ್‌ಟಾಪಿಗೋ ಇಳಿಸಿಕೊಂಡು ಹಾಳೆಗಳನ್ನು ಒಲೆಗೆ ಹಾಕಬೇಡಿ. ಅಲ್ಲಿ ಎಲ್ಲರ ಅಕ್ಷರವೂ ಒಂದೇ ಥರ. ಯಾರಿಗೂ ತಿದ್ದಲು ಕೊಡಬೇಡಿ, ಚಂದ ಮಾಡಲು ಕೊಡಬೇಡಿ, ನಿಮ್ಮ ಅಮ್ಮನಿಗೂ ಕೂಡ. ನಾನು ಕೊಟ್ಟದ್ದರಲ್ಲಿ ಇದೊಂದು ಎಲ್ಲರದ್ದಲ್ಲ, ನಿಮ್ಮಿಬ್ಬರದು. ನಮ್ಮ ಮಳೆಗೆ ಕಾಗದ ಬೂಷ್ಟು ಹಿಡಿಯುತ್ತದೆ, ಗೆದ್ದಲೂ ಬರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಲೆಯ ಬಿಸಿ ತಾಗುವ ಗೂಡಿನಲ್ಲಿಡಿ. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಮತ್ತೆ ಒಳಗಿಡಿ.